ಮೂರು ಡೋಸಿನ ಸುಳ್ಳು

ಇದು ನನ್ನ ಹೊಟ್ಟೆಕಿಚ್ಚಿನ ಕಥೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಡುವೆ ಎಲ್ಲೋ ನಾನು ಒಳ್ಳೆಯವಳಂತೆ ಕಾಣಿಸಿಬಿಟ್ಟೇನು.

ಬೈಲಹೊಂಗಲ ತಾಲೂಕಿನ ಹಳ್ಳಿಗಳಲ್ಲಿ ನರ್ಸಬಾಯಿಯಾಗಿ ಇಪ್ಪತ್ತೇಳು ವರ್ಷ ದುಡಿದವಳು ನಾನು. ಸರ್ಕಾರ ನಮ್ಮ ಹುದ್ದೆಯ ಹೆಸರು ಬದಲಾಯಿಸಿದರೂ ಜನ ಮಾತ್ರ ‘ಬಾಯಾರ’ ಅನ್ನುವುದನ್ನು ಬಿಡಲಿಲ್ಲ. ನನ್ನ ಸೂಜಿಗೆ ಚೀರಿ ಅತ್ತ ಕೂಸುಗಳೇ ದೊಡ್ಡವರಾಗಿ, ಲಗ್ನವಾಗಿ, ತಮ್ಮ ಕೂಸುಗಳನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಕೂತಿದ್ದಾರೆ. ಇಂಥ ನನಗೆ, ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಹತ್ತಿತು.

ಆಕೆ ರಾಮದುರ್ಗದ ಕಡೆಯವಳು. ಹಳ್ಳದ ಆಚೆಯ ಉಪಕೇಂದ್ರಕ್ಕೆ ಗುತ್ತಿಗೆಯ ಮೇಲೆ ಬಂದಳು. ಸಣ್ಣ ಆಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹಳೆಯ ಸ್ಕೂಟಿ. ಮೊದಲ ದಿನ ನನ್ನ ಕಾಲು ಮುಟ್ಟಿ, “ಅಕ್ಕಾರ, ತಪ್ಪಿದ್ರ ತಿದ್ರಿ” ಎಂದಳು. ಅವತ್ತು ನನಗೆ ಆಕೆ ಇಷ್ಟವಾಗಿದ್ದಳು. ತಿದ್ದಲು ಏನೂ ಸಿಗುವುದಿಲ್ಲ ಎಂದು ಆಗ ನನಗೇನು ಗೊತ್ತು.

ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ಆಕೆ ಬಂದು ಮೂರು ನಾಲ್ಕು ತಿಂಗಳಾಗಿರಬೇಕು, ನನ್ನ ಕೇಂದ್ರದ ಕಟ್ಟೆಯ ಮೇಲೆ ಬಾಣಂತಿಯರು ಕಡಿಮೆಯಾದರು. ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಆಕೆ ಸೀರೆಯ ಸೆರಗು ತಿರುವುತ್ತ ನಿಂತಳು.

“ಹಳ್ಳದ ಆಚೀಕ ಹೊಕ್ಕಾರ್ರಿ ಬಾಯಾರ.”

“ಯಾಕ? ಇಲ್ಲಿ ಔಷಧ ಬ್ಯಾರೆ, ಅಲ್ಲಿ ಔಷಧ ಬ್ಯಾರೆ ಐತೇನು?”

“ಔಷಧ ಒಂದರಿ. ಆಕಿ ಕೈಗುಣ ಚೊಲೋ ಐತೆಂತಾರ. ಕೂಸಿಗೆ ಜ್ವರಾನ ಬರಂಗಿಲ್ಲಂತ.”

ಲಸಿಕೆ ಹಾಕಿದರೆ ಕೂಸಿಗೆ ಜ್ವರ ಬರುವುದು ಔಷಧದ ಗುಣ, ಕೈಯ ಗುಣವಲ್ಲ. ಇದನ್ನು ಸಾವಿರ ತಾಯಂದಿರಿಗೆ ಬಿಡಿಸಿ ಹೇಳಿದವಳು ನಾನು. ಆದರೂ ಅವತ್ತು ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚದೆ ಮನೆಗೆ ತಂದೆ. ಹಿತ್ತಲ ಗಿಡ ಮದ್ದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ.

ಒಂದು ದಿನ ಗುಟ್ಟು ತಿಳಿಯಿತು. ಆಕೆ ಲಸಿಕೆ ಹಾಕಿದ ದಿನ ಸಂಜೆ ಪ್ರತಿ ಮನೆಗೆ ಫೋನು ಮಾಡಿ, “ಜ್ವರದ ಹನಿ ಕೊಟ್ರೇನು? ಕೂಸು ಮೊಲಿ ಕುಡೀತೇನು?” ಎಂದು ಕೇಳುತ್ತಿದ್ದಳಂತೆ. ಇಷ್ಟೇ ತಾನೆ ಎಂದು ಮುಂದಿನ ಗುರುವಾರ ನಾನೂ ಫೋನು ಹಚ್ಚಿದೆ. ಮೊದಲ ಮನೆಯ ಅಜ್ಜಿಯೇ ಗಾಬರಿಯಾದಳು. “ಏನಾತ್ರಿ ಬಾಯಾರ? ಔಷಧ ಅದಲಿ ಬದಲಿ ಆತೇನ್ರಿ?” ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಫೋನು ಮಾಡದವಳು ಇವತ್ತು ಮಾಡಿದ್ದಾಳೆಂದರೆ ಏನೋ ಕೆಟ್ಟಿರಲೇಬೇಕು ಎಂದು ಆಕೆಯ ಲೆಕ್ಕ. ಅರ್ಧ ತಾಸಿನಲ್ಲಿ ಆ ಓಣಿಯ ಗಂಡಸರೆಲ್ಲ ನನ್ನ ಮನೆಯ ಬಾಗಿಲಿಗೆ ಬಂದರು. ಅವರಿಗೆ ಚಹಾ ಕುಡಿಸಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಅಲ್ಲಿಗೆ ಫೋನು ಮಾಡುವುದನ್ನು ಬಿಟ್ಟೆ.

ನನ್ನ ಗಂಡ ನಗುತ್ತಿದ್ದರು. “ನಮ್ಮ ಮನ್ಯಾಗ ದಿನಾ ಊಟಕ್ಕ ಆಕಿ ಸುದ್ದಿ ಬೇಕು, ಉಪ್ಪಿನಕಾಯಿ ಹಂಗ” ಎನ್ನುತ್ತಿದ್ದರು. ನಾನು ತಟ್ಟೆ ಕುಕ್ಕಿ ಏಳುತ್ತಿದ್ದೆ.

ಇನ್ನೊಂದು ಉರಿ ಸೋಮವಾರದ ವರದಿಯದು. ಹಿಂದಿನ ವಾರ ಹಳ್ಳಿಯಲ್ಲಿ ಎಷ್ಟು ಜನಕ್ಕೆ ಜ್ವರ ಬಂತು, ಎಷ್ಟು ಜನಕ್ಕೆ ವಾಂತಿಭೇದಿ, ಯಾರ ಮೈಮೇಲೆ ದದ್ದು ಎದ್ದಿತು, ಎಲ್ಲವನ್ನೂ ನಾವು ಮೊಬೈಲಿನಲ್ಲಿ ತುಂಬಬೇಕು. ನಾನು ಬಹಳ ವಾರ ಸೊನ್ನೆ ಹಾಕುತ್ತಿದ್ದೆ. ಸುಳ್ಳೇನಲ್ಲ, ಸೊನ್ನೆಯ ಹತ್ತಿರದ್ದು ಎಂದು ನನ್ನ ಮನಸ್ಸಿಗೆ ನಾನೇ ಹೇಳಿಕೊಂಡಿದ್ದೆ. ಎರಡು ಜ್ವರ ಬರೆದರೆ ‘ಯಾವ ಓಣಿ, ಯಾವ ಮನೆ, ರಕ್ತ ತೆಗೆದಿರೇನು’ ಎಂದು ಹತ್ತು ಫೋನು ಬರುತ್ತವೆ. ಸೊನ್ನೆ ಹಾಕಿದರೆ ಯಾರೂ ಕೇಳುವುದಿಲ್ಲ. ಆಕೆ ಮಾತ್ರ ಒಂದು ಜ್ವರವನ್ನೂ ಬಿಡುತ್ತಿರಲಿಲ್ಲ. ಮೊದಮೊದಲು ಸಭೆಯಲ್ಲಿ ನಮ್ಮ ಡಾಕ್ಟರ ಸಾಹೇಬರು, “ಏನ್ ಸಿಸ್ಟರ, ಜಗತ್ತಿನ ಜಡ್ಡೆಲ್ಲಾ ನಿಮ್ಮ ಊರಾಗ ಐತೇನು? ಅವರನ್ನ ನೋಡ್ರಿ, ಹಳ್ಳದ ಈಚೀಕ ಎಲ್ಲಾರೂ ಗಟ್ಟಿ ಅದಾರ” ಎಂದು ನನ್ನ ಕಡೆ ಕೈ ಮಾಡಿದರು. ಆಗ ನನಗಾದ ಸಂತೋಷವನ್ನು ಹೇಳುವುದಕ್ಕೆ ಈಗ ನಾಚಿಕೆಯಾಗುತ್ತದೆ. ಆದರೆ ಆ ಸಂತೋಷ ಬೇಸಿಗೆಯವರೆಗೂ ಬಾಳಲಿಲ್ಲ. ಆಕೆ ಬರೆದ ನಾಲ್ಕು ವಾಂತಿಭೇದಿಯ ಹೆಸರು ಹಿಡಿದು ಹೋದವರಿಗೆ ಕುಡಿಯುವ ನೀರಿನ ಪೈಪು ಗಟಾರದಲ್ಲಿ ಒಡೆದದ್ದು ಸಿಕ್ಕಿತು. ಪೈಪು ರಿಪೇರಿಯಾಯಿತು, ಊರು ಉಳಿಯಿತು. ಮುಂದಿನ ಸಭೆಯಲ್ಲಿ ಆಕೆಗೆ ಶಾಲು ಹೊದಿಸಿದರು. ಶಾಲನ್ನು ತಟ್ಟೆಯಲ್ಲಿಟ್ಟು ತಂದು ಕೊಟ್ಟವಳು ನಾನು, ಹಿರಿಯಳೆಂಬ ಮರ್ಯಾದೆಗೆ.

ಅದೇ ವರ್ಷ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಎಂದು ಆದೇಶ ಬಂತು. ರಕ್ತದಿಂದ ಹರಡುವ ಕಾಮಾಲೆ ಅದು. ಸೂಜಿ ಹಿಡಿಯುವ ನಮ್ಮಂಥವರಿಗೆ ಬೇಗ ತಗಲುತ್ತದೆ, ತಗಲಿದರೆ ಕೆಲವರ ಯಕೃತ್ತನ್ನು ವರ್ಷಗಟ್ಟಲೆ ಒಳಗೊಳಗೇ ತಿನ್ನುತ್ತದೆ. ಮೂರು ಡೋಸು: ಇವತ್ತೊಂದು, ತಿಂಗಳಿಗೊಂದು, ಆರು ತಿಂಗಳಿಗೊಂದು. ನನಗೆ ಸೂಜಿಯ ಅಂಜಿಕೆ ಇರಲಿಲ್ಲ. ಕೊರೊನಾ ಲಸಿಕೆ ಬಂದಾಗ ನಮ್ಮ ಆಸ್ಪತ್ರೆಯಲ್ಲಿ ಮೊದಲ ಸಾಲಿನಲ್ಲಿ ನಿಂತು, ತೋಳು ತೋರಿಸಿ ಫೋಟೋ ತೆಗೆಸಿಕೊಂಡವಳು ನಾನೇ. ಆದರೆ ಈ ಸಲ ಸಾಹೇಬರು, “ಹಾಕವರು ಯಾರು?” ಎಂದು ಕೇಳಿದಾಗ, ಕಸ ಹೊಡೆಯುವ ಅಜ್ಜಿಯಿಂದ ಹಿಡಿದು ಔಷಧ ಕೊಡುವವನವರೆಗೆ ಎಲ್ಲರೂ ಒಂದೇ ಬಾಯಲ್ಲಿ ಆಕೆಯ ಹೆಸರು ಹೇಳಿದರು. “ಆಕಿ ಹಾಕಿದ್ರ ಗೊತ್ತ ಆಗಂಗಿಲ್ರಿ” ಎಂದು ಒಬ್ಬರು. “ಹಾಕಿದ್ಲೋ ಇಲ್ಲೋ ಅಂತ ಕೇಳಬೇಕಾಕ್ಕೇತಿ” ಎಂದು ಇನ್ನೊಬ್ಬರು. ನಾನು ಅಲ್ಲೇ ಕೂತಿದ್ದೆ. ಒಬ್ಬರಾದರೂ ನನ್ನ ಕಡೆ ತಿರುಗಬಾರದೆ?

ಸಾಲು ಹತ್ತಿತು. ಆಕೆ ರಜಿಸ್ಟರು ತೆರೆದು, “ಅಕ್ಕಾರ, ಮೊದಲ ನೀವು ಬರ್ರಿ, ಹಿರ್ಯಾರು” ಎಂದಳು. ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟಿದ್ದಳು. ಆಕೆಯ ಮುಂದೆ ತೋಳು ಬಿಚ್ಚಿ ಕೂತು, ನೋವಾಗಲಿಲ್ಲ ಎಂದು ಎಲ್ಲರೆದುರು ಹೇಳಬೇಕಾಗುತ್ತದಲ್ಲ ಎಂಬುದೊಂದೇ ನನ್ನ ತಲೆಗೆ ಬಂತು.

“ನಂದು ಆಗೇತಿ” ಎಂದೆ. “ಹಿಂದ ಟ್ರೇನಿಂಗಿಗೆ ಹೋದಾಗ ಹಾಕಿಸ್ಕೊಂಡೇನಿ. ಮೂರೂ ಆಗ್ಯಾವ.”

“ಕಾರ್ಡ ಐತೇನ್ರಿ?”

“ಮನ್ಯಾಗ ಐತಿ. ಯಾಕ, ನನ್ನ ಮಾತು ಸಾಲಂಗಿಲ್ಲೇನು?”

ಆಕೆಯ ಮುಖ ಕೆಂಪಾಯಿತು. “ಹಂಗಲ್ರಿ ಅಕ್ಕಾರ” ಎಂದು ನನ್ನ ಹೆಸರಿನ ಮುಂದೆ ‘ಪೂರ್ಣ’ ಎಂದು ಬರೆದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ.

ಆರು ತಿಂಗಳ ಮೇಲೆ ಸಭೆಯಲ್ಲಿ ಪಟ್ಟಿ ಓದಿದರು. ಎಲ್ಲರದ್ದೂ ಪೂರ್ಣ. ಒಬ್ಬರದು ಮಾತ್ರ ‘ಮೂರನೇ ಡೋಸ್ ಬಾಕಿ’. ಅದು ಆಕೆಯದೇ. ಎಲ್ಲರಿಗೂ ಮೂರನೆಯದನ್ನು ಹಾಕಿದ ದಿನ ಆಕೆಗೆ ಸ್ವತಃ ಜ್ವರವಿತ್ತಂತೆ, ಹಾಗಾಗಿ ಮುಂದೂಡಿದ್ದಳು, ಮುಂದೂಡಿದ್ದನ್ನು ಇದ್ದ ಹಾಗೆ ಬರೆದಿದ್ದಳು. ಸಾಹೇಬರು ಸಿಟ್ಟಾದರು. “ಊರಿಗೆಲ್ಲಾ ಹಾಕಿ ನಿಮ್ಮದ ನೀವು ಬಾಕಿ ಇಟ್ಟೀರಿ. ನಮ್ಮ ಹಿರೇ ಸಿಸ್ಟರನ್ನ ನೋಡ್ರಿ, ಯಾರೂ ಹೇಳೂಕಿಂತ ಮೊದಲ ಮುಗಿಸ್ಕೊಂಡಾರ.” ಆಕೆ ತಲೆ ತಗ್ಗಿಸಿ, “ತಪ್ಪಾತ್ರಿ” ಎಂದಳು. ನಾನು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡೆ. ಬಾಕಿ ಇದ್ದವಳು ಬೈಸಿಕೊಂಡಳು, ಒಂದೂ ಹಾಕಿಸಿಕೊಳ್ಳದವಳು ಹೊಗಳಿಸಿಕೊಂಡಳು. ಮನೆಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ ಸಿಹಿಗೆಂದು ಕುಂದಾ ಕಟ್ಟಿಸಿಕೊಂಡೆ, ಮನೆಯವರಿಗೆ ಕಾರಣ ಹೇಳಲಿಲ್ಲ.

ಆಕೆ ಮರುದಿನವೇ ತನ್ನ ಮೂರನೆಯದನ್ನು ಹಾಕಿಸಿಕೊಂಡಳು. ನಾನು ಮಾತ್ರ ಈಗ ಹಾಕಿಸಿಕೊಳ್ಳುವುದಕ್ಕೂ ಆಗದವಳಾದೆ. ಹೇಳಿದರೆ ಸುಳ್ಳುಗಾತಿ, ಹೇಳದಿದ್ದರೆ ಲಸಿಕೆಯಿಲ್ಲದವಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ದಿನ ಕಳೆದೆ.

ಸೂಜಿ ಚುಚ್ಚಿದ್ದು ಒಂದು ಬುಧವಾರ. ಹೆರಿಗೆ ಕೋಣೆಯ ಪಾಳಿ ನನ್ನದಿತ್ತು. ಬೆಳಿಗ್ಗೆ ಏಳರ ಹೊತ್ತಿಗೆ ಟಂಟಂ ಆಟೋದಲ್ಲಿ ಒಬ್ಬ ಗರ್ಭಿಣಿಯನ್ನು ಕರೆತಂದರು. ನೇಸರಗಿಯ ಕಡೆಯಿಂದ ತವರಿಗೆ ಬಂದವಳು. ದೊಡ್ಡ ಆಸ್ಪತ್ರೆಗೆ ಕಳಿಸುವಷ್ಟು ಹೊತ್ತೂ ಇರಲಿಲ್ಲ, ಕೂಸಿನ ತಲೆ ಕಾಣುತ್ತಿತ್ತು. ಹೆರಿಗೆ ಸುಸೂತ್ರವಾಗಿ ಆಯಿತು. ರಕ್ತ ನಿಲ್ಲುವ ಇಂಜೆಕ್ಷನ್ ಕೊಟ್ಟೆ. ಕೊಟ್ಟ ಸೂಜಿಯನ್ನು ಹಾಗೇ ಕಟರಿನಲ್ಲಿ ಕತ್ತರಿಸಬೇಕು, ಮುಚ್ಚಳ ಮತ್ತೆ ಹಾಕಬಾರದು. ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನಾನು ಕೆಲಸ ಕಲಿತದ್ದು ಗಾಜಿನ ಸಿರಿಂಜನ್ನು ಕುದಿಸುತ್ತಿದ್ದ ಕಾಲದಲ್ಲಿ. ಸೂಜಿ ಬಯಲಿಗಿದ್ದರೆ ಕೈ ತಾನಾಗಿ ಮುಚ್ಚಳ ಹುಡುಕುತ್ತದೆ. ಹಿಂದಿನ ತಿಂಗಳು ಇದೇ ವಿಷಯಕ್ಕೆ ಆಕೆ ನಮಗೆ ಪಾಠ ಮಾಡಿದ್ದಳು. “ಎರಡೂ ಕೈಲೆ ಮುಚ್ಚಳ ಹಾಕಬ್ಯಾಡ್ರಿ” ಎಂದು ಮಾಡಿ ತೋರಿಸಿದಾಗ ನಾನು ಪಕ್ಕದವಳ ಕಿವಿಯಲ್ಲಿ, “ಈಕಿ ತೊಟ್ಟಲದಾಗ ಇದ್ದಾಗ ನಾ ಸೂಜಿ ಹಿಡದೇನಿ” ಎಂದು ನಕ್ಕಿದ್ದೆ. ಅವತ್ತು ಮುಚ್ಚಳ ಹಾಕುವಾಗ ಸೂಜಿ ಜಾರಿ ಎಡಗೈಯ ಹೆಬ್ಬೆರಳಿಗೆ ಹೊಕ್ಕಿತು. ಕೈಗವಸನ್ನೂ ದಾಟಿ ಒಂದು ಹನಿ ರಕ್ತ.

ಸಾಬೂನು ಹಚ್ಚಿ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತೆ. ಆಮೇಲೆ ಬಾಣಂತಿಯ ‘ತಾಯಿ ಕಾರ್ಡು’ ನೋಡಿದೆ. ರಕ್ತ ಪರೀಕ್ಷೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಹೆಪಟೈಟಿಸ್ ಬಿ ಪಾಸಿಟಿವ್.

ಮೊದಲು ಕೂಸಿಗೆ ಹುಟ್ಟಿದ ಕೂಡಲೇ ಕೊಡುವ ಲಸಿಕೆ ಹಾಕಿದೆ, ಉಳಿದ ಚುಚ್ಚುಮದ್ದಿಗೆಂದು ತಾಯಿ ಮಗುವನ್ನು ಆಂಬ್ಯುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಕೈ ಕೆಲಸ ಮಾಡುತ್ತಿತ್ತು, ತಲೆ ಲೆಕ್ಕ ಹಾಕುತ್ತಿತ್ತು. ಲಸಿಕೆ ಆಗದವರಿಗೆ ಸೂಜಿ ಚುಚ್ಚಿದರೆ ಲಸಿಕೆಯ ಜೊತೆಗೆ ಇನ್ನೊಂದು ಚುಚ್ಚುಮದ್ದು ಬೇಕು, ಇಪ್ಪತ್ನಾಲ್ಕು ತಾಸಿನೊಳಗೆ ಬಿದ್ದರೆ ಒಳ್ಳೆಯದು. ಅದು ಸಿಗಬೇಕಾದರೆ ವರದಿ ಬರೆಯಬೇಕು. ವರದಿ ಬರೆದರೆ ‘ಪೂರ್ಣ’ ಎಂದದ್ದು ಸುಳ್ಳೆಂದು ಹೇಳಬೇಕು. ರಜಿಸ್ಟರು ಇದ್ದದ್ದು ಆಕೆಯ ಹತ್ತಿರ.

ನಾಚಿಕೆಗೇಡಿನ ಮಾತೆಂದರೆ, ಅವತ್ತು ನನಗೆ ರೋಗಕ್ಕಿಂತ ಆಕೆಯದೇ ಹೆಚ್ಚು ಅಂಜಿಕೆಯಾಯಿತು. ಪಾಳಿ ಮುಗಿಸಿ ಬೈಲಹೊಂಗಲದ ಔಷಧ ಅಂಗಡಿಗಳನ್ನೆಲ್ಲ ಸುತ್ತಿದೆ. ಲಸಿಕೆ ಇತ್ತು, ಇನ್ನೊಂದು ಚುಚ್ಚುಮದ್ದು ಎಲ್ಲಿಯೂ ಇರಲಿಲ್ಲ. “ಅದು ಬೆಳಗಾವ್ಯಾಗ ಸಿಗತೈತ್ರಿ ಬಾಯಾರ. ದವಾಖಾನಿ ಚೀಟಿ ಬೇಕು. ಯಾರಿಗ್ರಿ?” ಎಂದು ಅಂಗಡಿಯವನು ಕೇಳಿದ. “ಒಬ್ಬಾಕಿ ಪೇಷಂಟಗೆ” ಎಂದೆ. ಆಗ ಮಧ್ಯಾಹ್ನ ಒಂದು ಗಂಟೆ. ನನ್ನ ಐದೂವರೆ ತಾಸು ಹೋಗಿಯಾಗಿತ್ತು.

ವಾಪಸ್ ಆಸ್ಪತ್ರೆಗೆ ಹೋದರೆ ಸಾಹೇಬರು ಸವದತ್ತಿಗೆ ಯಾವುದೋ ಸಭೆಗೆ ಹೋಗಿದ್ದರು. ಆಫೀಸಿನಲ್ಲಿ ಆಕೆಯೊಬ್ಬಳೇ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತಳು.

“ಸೂಜಿ ಚುಚ್ಚೇತಿ” ಎಂದೆ. “ಮುಂಜಾನೆ. ಆ ಬಾಣಂತಿ ಪಾಸಿಟಿವ್ ಅದಾಳ.”

“ಅಯ್ಯ! ಕೈ ತೊಳಕೊಂಡ್ರಿಲ್ಲೋ?” ಎಂದು ಓಡಿಬಂದು ಬೆರಳು ಹಿಡಿದು ನೋಡಿದಳು. ಆಮೇಲೆ ಉಸಿರು ಬಿಟ್ಟಳು. “ಅಂಜಬ್ಯಾಡ್ರಿ ಅಕ್ಕಾರ. ದೇವರ ದೊಡ್ಡಾವ. ನಿಮಗ ಮೂರೂ ಡೋಸ್ ಆಗ್ಯಾವಲ್ರಿ.”

ನನ್ನ ಸುಳ್ಳನ್ನೇ ನನಗೆ ಧೈರ್ಯಕ್ಕೆಂದು ಕೊಡುತ್ತಿದ್ದಳು. ಅದನ್ನು ಕೇಳಿ ಕುರ್ಚಿ ಎಳೆದುಕೊಂಡು ಕೂತೆ.

“ಒಂದೂ ಆಗಿಲ್ಲ” ಎಂದೆ.

ಆಕೆ ಗೋಡೆಯ ಗಡಿಯಾರ ನೋಡಿ, “ಎಷ್ಟಕ್ಕ ಚುಚ್ಚಿತ್ರಿ?” ಎಂದಳು. ಏಳೂವರೆ ಎಂದೆ. ಅರ್ಧ ಉಂಡ ಡಬ್ಬಿ ಮುಚ್ಚಿದಳು, ಫ್ರಿಜ್ಜಿನಿಂದ ಲಸಿಕೆ ತೆಗೆದು ಅಲ್ಲೇ ನನ್ನ ತೋಳಿಗೆ ಮೊದಲ ಡೋಸು ಹಾಕಿದಳು. ವರದಿಯ ಖಾಲಿ ಹಾಳೆ ಮಡಿಚಿ ಪರ್ಸಿನಲ್ಲಿಟ್ಟುಕೊಂಡಳು. ಸಾಹೇಬರಿಗೆ ಫೋನು ಹಚ್ಚಿ, “ಅಕ್ಕಾರಿಗೆ ಸೂಜಿ ಚುಚ್ಚೇತ್ರಿ ಸರ್, ಬೆಳಗಾವಿಗೆ ಕರಕೊಂಡು ಹೊಂಟೇನಿ” ಎಂದಳು. ಸುಳ್ಳಿನ ವಿಷಯ ಒಂದಕ್ಷರ ಎತ್ತಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಸಂಪಗಾಂವದ ಮೇಲೆ ಹೋಗುವ ಬಸ್ಸು ತುಂಬಿ ತುಳುಕುತ್ತಿತ್ತು. ಆಕೆ ಯಾರಿಗೋ ಹೇಳಿ ನನಗೊಂದು ಸೀಟು ಕೊಡಿಸಿದಳು, ತಾನು ಕಂಬಿ ಹಿಡಿದು ನಿಂತು ಹೆಂಗಸರಿಗೆ ಪುಕ್ಕಟೆ ಕೊಡುವ ಎರಡೂ ಶೂನ್ಯ ಟಿಕೆಟು ಕೈಯಲ್ಲಿಟ್ಟುಕೊಂಡಳು. ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತಿದ್ದೆ. ಮಗಳ ಬಾಣಂತನ ಎದುರಿಗಿತ್ತು. ನನ್ನ ರಕ್ತದಲ್ಲಿ ಆ ರೋಗ ಹೊಕ್ಕಿದ್ದರೆ ಮೊಮ್ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಹಿಂಜರಿದೀತಲ್ಲ ಎಂದು ಅಳು ಬಂತು. ಎತ್ತಿಕೊಂಡರೆ ರೋಗ ತಗಲುವುದಿಲ್ಲ ಎಂದು ಊರಿಗೆಲ್ಲ ಹೇಳಿದವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು, ಚುಚ್ಚುಮದ್ದು ತರಿಸುತ್ತೇವೆ, ವರದಿ ಕೊಡಿ ಎಂದರು. ಆಕೆಯೇ ಬೆಂಚಿನ ಮೇಲೆ ಹಾಳೆ ಬಿಚ್ಚಿ ತುಂಬಲು ಕೂತಳು. ಗಾಯವಾದ ಹೊತ್ತು, ಯಾವ ಸೂಜಿ, ಯಾವ ಬೆರಳು. ಆಮೇಲೆ ಒಂದು ಸಾಲು: ‘ಸಿಬ್ಬಂದಿ ಈ ಹಿಂದೆ ಲಸಿಕೆ ಪಡೆದಿದ್ದಾರೆಯೇ?’ ಆಕೆ ‘ಇಲ್ಲ’ ಎಂದು ಬರೆದಳು. ಕೆಳಗೆ ಷರಾ ಎಂಬಲ್ಲಿ ಬರೆದಳು: ‘ರಜಿಸ್ಟರಿನಲ್ಲಿ ಪೂರ್ಣ ಎಂದು ಇರುವುದು ನನ್ನ ತಪ್ಪು. ಕಾರ್ಡು ನೋಡದೆ ನಮೂದಿಸಿರುತ್ತೇನೆ.’

ನಾನು ಬಗ್ಗಿ ಓದಿದೆ. ಗುತ್ತಿಗೆಯವಳು ಆಕೆ. ಮಾರ್ಚಿಗೆ ಆಕೆಯ ನೌಕರಿ ಮುಂದುವರಿಯಬೇಕೋ ಬೇಡವೋ ಎಂದು ಕಾಗದ ಹೋಗುವುದಿತ್ತು. ಇಂಥ ಒಂದು ಸಾಲು ಸಾಕಿತ್ತು ಆಕೆಯನ್ನು ಮನೆಗೆ ಕಳಿಸುವುದಕ್ಕೆ.

“ನಿಂದ್ಯಾಕ ತಪ್ಪಂತ ಬರದಿ?”

“ಖರೇನ ಐತಲ್ರಿ ಅಕ್ಕಾರ. ಕಾರ್ಡ ನೋಡೂದು ನನ್ನ ಕೆಲಸ. ನೀವು ಹಿರ್ಯಾರು, ಒತ್ತಿ ಕೇಳಾಕ ಮನಸ್ ಬರಲಿಲ್ಲ. ಬಿಡ್ರಿ, ಮೊದಲ ನಿಮಗ ಔಷಧ ಬೀಳಲಿ.”

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ. ಆಕೆಯ ನೌಕರಿ ಹೋದೀತೆಂಬ ಕರುಣೆ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅದು ಎರಡನೆಯದು. ಮೊದಲು ಬಂದದ್ದು ಉರಿ. ನಾಳೆ ಇದು ತಾಲೂಕಿಗೆಲ್ಲ ತಿಳಿಯುತ್ತದೆ. ಹಿರಿಯವಳ ಮಾನ ಉಳಿಸಲು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳಂತೆ ಎಂದು ಜನ ಆಕೆಗೆ ಕೈಮುಗಿಯುತ್ತಾರೆ. ಊರಿನ ಕೂಸುಗಳು ಆಕೆಯ ಕಡೆ ಹೋದವು, ಶಾಲು ಹೋಯಿತು, ಈಗ ನನ್ನ ತಪ್ಪನ್ನೂ ಈಕೆ ತೆಗೆದುಕೊಂಡು ಹೋಗುತ್ತಾಳಲ್ಲ! ಅಷ್ಟು ದೊಡ್ಡತನವನ್ನು ಆಕೆಗೆ ಬಿಟ್ಟುಕೊಡುವುದು ನನ್ನಿಂದ ಆಗಲಿಲ್ಲ.

“ಕೊಡು ಇಲ್ಲೆ” ಎಂದು ಪೆನ್ನು ಕಸಿದುಕೊಂಡೆ. ಆಕೆ ಬರೆದದ್ದನ್ನು ಗೀಟು ಹೊಡೆದು ಬರೆದೆ: ‘ಲಸಿಕೆ ಆಗಿದೆ ಎಂದು ನಾನು ಸುಳ್ಳು ಹೇಳಿದ್ದೆ. ಕಾರ್ಡು ಕೇಳಿದಾಗ ಸಿಟ್ಟು ಮಾಡಿದ್ದೆ. ಬರೆದುಕೊಂಡವರ ತಪ್ಪಿಲ್ಲ.’ ಕೆಳಗೆ ಸಹಿ ಹಾಕಿದೆ. ಆಕೆ, “ಅಕ್ಕಾರ, ಬ್ಯಾಡ್ರಿ” ಎಂದು ಹಾಳೆ ಹಿಡಿದಳು. “ಸುಮ್ಮ ಕುಂದ್ರು” ಎಂದು ಗದರಿದೆ. ಹಾಳೆ ಬಿಟ್ಟಳು. ಅವಳ ಮುಂದೆ ನನ್ನ ಮಾತು ನಡೆದದ್ದು ಅದೊಂದು ಸಲ.

ಚುಚ್ಚುಮದ್ದು ಬಿತ್ತು, ಹತ್ತು ತಾಸಿನೊಳಗೆ. ಆ ವಾರ ಸಾಹೇಬರು ಕೋಣೆಗೆ ಕರೆದು ಬೈದರು, ಕಾರಣ ಕೇಳಿ ನೋಟೀಸು ಕೊಟ್ಟರು. ತಲೆಯಾಡಿಸಿ ತೆಗೆದುಕೊಂಡೆ. ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ಎಲ್ಲವನ್ನೂ ಆಕೆಯ ಕೈಯಿಂದಲೇ ಹಾಕಿಸಿಕೊಂಡೆ. ನೋವಾಗಲಿಲ್ಲ. ಕೇಳಿದವರಿಗೆ ನೋವಾಯಿತು ಎಂದೆ. ಮೂರನೆಯದರ ಹೊತ್ತಿಗೆ ರಕ್ತವನ್ನೂ ಮತ್ತೆ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿ ಎರಡು ತಿಂಗಳಾಗಿತ್ತು.

ಆ ಸಲದ ಸಭೆಯಲ್ಲಿ ಸಾಹೇಬರು ಎಲ್ಲರೆದುರು ನನ್ನ ಆ ಹಾಳೆ ಓದಿದರು. ಓದಬಹುದೇ ಎಂದು ಮೊದಲೇ ಕೇಳಿದ್ದರು, ನಾನು ಹೂಂ ಎಂದಿದ್ದೆ. ಹೆಸರಿಲ್ಲದೆ ಓದಿದರೂ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಆ ಆರು ತಿಂಗಳಲ್ಲಿ ಇನ್ನೂ ಕೆಲವರು ತಮಗೆ ಸೂಜಿ ಚುಚ್ಚಿದ್ದನ್ನು ಮುಚ್ಚಿಡದೆ ಬಂದು ಹೇಳಿದ್ದರಂತೆ. “ಇಂಥಾ ಖರೇ ವರದಿ ನನ್ನ ನೌಕರ್ಯಾಗ ನೋಡಿದ್ದಿಲ್ಲ. ಹಿರೇತನ ಅಂದ್ರ ಇದು” ಎಂದರು ಸಾಹೇಬರು. ನನ್ನ ಕೊರಳಿಗೂ ಒಂದು ಶಾಲು ಬಿತ್ತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಆಕೆ. ಕಣ್ಣಲ್ಲಿ ನೀರು ಬೇರೆ. ಜನ ತಟ್ಟುತ್ತಲೇ ಇದ್ದರು, ನಾನು ಮಾತ್ರ ಆಕೆಯ ಮುಖವನ್ನೇ ನೋಡುತ್ತಿದ್ದೆ, ಎಲ್ಲಾದರೂ ಒಂದು ಚೂರು ಹೊಟ್ಟೆಕಿಚ್ಚು ಕಾಣುತ್ತದೇನೋ ಎಂದು. ಸಾಸಿವೆಯಷ್ಟು ಕಂಡಿದ್ದರೂ ಸಾಕಿತ್ತು, ಆಕೆಯನ್ನು ತಬ್ಬಿಕೊಂಡುಬಿಡುತ್ತಿದ್ದೆ. ಇರಲಿಲ್ಲ.